ತಿಥಿ ಹೇಳುವವರ ಮನೆ

ಇಲ್ಲಿರುವ ಕೆಲವು ವಿವರಗಳು ತಪ್ಪಾಗಿರಬಹುದು. ನನ್ನ ತಮ್ಮ ಫೋನ್ ಮಾಡಿದ್ದು ಶನಿವಾರ ಎಂದು ನನಗೆ ನೆನಪು. ದಿನಚರಿಯಲ್ಲಿ ಅದು ಗುರುವಾರದ ಪುಟದಲ್ಲಿದೆ. ಅಲ್ಲಿರುವುದೂ ಒಂದೇ ಸಾಲು: ‘ಬೈಲಹೊಂಗಲದಿಂದ ಫೋನು, ಹುಡುಗಿಯ ಅರ್ಜಿ.’ ಅಂದೇ ಬರೆದೆನೋ, ಖಾಲಿ ಉಳಿದ ಪುಟ ನೋಡಲಾಗದೆ ಆಮೇಲೆ ತುಂಬಿದೆನೋ ಹೇಳಲಾರೆ. ಆ ಚಟವೂ ನನಗಿದೆ. ಕಿತ್ತೂರಿನಲ್ಲಿ ನಡೆದದ್ದನ್ನಂತೂ ನಾನು ಕಣ್ಣಾರೆ ಕಂಡಿಲ್ಲ. ಹೇಳಿದವರೆಲ್ಲ ಬೇರೆ ಬೇರೆಯಾಗಿ ಹೇಳಿದ್ದಾರೆ. ಮಾತುಗಳನ್ನು ಕಿವಿಗೆ ಬಿದ್ದ ಹಾಗೆ ಬರೆಯಲು ಯತ್ನಿಸುತ್ತೇನೆ. ನನ್ನ ಕಿವಿಗೆ ಬಿದ್ದ ಹಾಗೆ, ಅಷ್ಟೇ.

ನಾನು ರಾಮದುರ್ಗದ ಒಂದು ಕಾಲೇಜಿನಲ್ಲಿ ಗ್ರಂಥಪಾಲಕಿ. ತವರು ಬೈಲಹೊಂಗಲ. ಅಲ್ಲಿ ಅಪ್ಪ, ತಮ್ಮ, ತಮ್ಮನ ಹೆಂಡತಿ, ಅವರ ಒಬ್ಬಳೇ ಮಗಳು ಇದ್ದಾರೆ. ತಮ್ಮ ತಾಲೂಕು ಕಚೇರಿಯ ಎದುರಿಗೆ ಆನ್‌ಲೈನ್ ಸೆಂಟರ್ ಇಟ್ಟುಕೊಂಡಿದ್ದಾನೆ. ಜಾತಿ, ಆದಾಯ, ಪಹಣಿ, ಸಿಇಟಿ, ಯಾವ ಅರ್ಜಿಯಾದರೂ ಅವನ ಕೈಯಲ್ಲಿ ಎರಡು ನಿಮಿಷದ ಕೆಲಸ. ಅಂಥವನು ಮಗಳ ಅರ್ಜಿಗಾಗಿ ನನಗೆ ಫೋನ್ ಮಾಡಿದ್ದ.

“ಅಕ್ಕಾ, ಈ ರವಿವಾರ ಬಂದ್ ಹೋಗು. ಇವಳ ಅರ್ಜಿಯೊಳಗ ಹತ್ತು ಡಬ್ಬಿ ಕೊಟ್ಟಾರ, ಅಭ್ಯಾಸ ಬಿಟ್ಟು ಏನೇನ್ ಮಾಡೀರಿ ಬರೀರಿ ಅಂತ. ಒಂದ್ ಡಬ್ಬಿನೂ ತುಂಬವಲ್ದು.”

“ಯಾಕ, ಏನೂ ಮಾಡಿಲ್ಲೇನು ಆಕಿ?”

“ಮಾಡ್ಯಾಳ. ಆದ್ರ ಡಬ್ಬಿಗೆ ಬರೂವಂಥಾದ್ದಲ್ಲ.”

ಸೊಸೆ, ಅಂದರೆ ತಮ್ಮನ ಮಗಳು, ಆಗ ಪಿಯುಸಿ ಎರಡನೆಯ ವರ್ಷದಲ್ಲಿದ್ದಳು. ಕಂಪ್ಯೂಟರ್ ಸೈನ್ಸ್ ಓದಬೇಕು ಎಂಬುದು ಹೈಸ್ಕೂಲಿನಿಂದ ಹಿಡಿದ ಹಟ. ಸಿಇಟಿ ಹೇಗೂ ಬರೆಯುವವಳೇ. ಆದರೆ ಅವಳ ಮನಸ್ಸು ನಿಂತದ್ದು ಹೊಸದಾಗಿ ಶುರುವಾದ ಒಂದು ಖಾಸಗಿ ವಿಶ್ವವಿದ್ಯಾಲಯದ ಮೇಲೆ. ಅಲ್ಲಿ ಅಂಕದ ಜೊತೆಗೆ ಹುಡುಗರು ತರಗತಿಯ ಹೊರಗೆ ಏನು ಮಾಡಿದ್ದಾರೆ ಎಂದೂ ನೋಡುತ್ತಾರಂತೆ. ಅದರ ಮೇಲೆ ಒಂದು ಪ್ರಬಂಧ, ಆಮೇಲೆ ವಿಡಿಯೊದಲ್ಲಿ ಮಾತುಕತೆ. ಪ್ರಬಂಧ ಹಿಡಿಸದಿದ್ದರೆ ಮಾತುಕತೆಗೇ ಕರೆಯುವುದಿಲ್ಲ.

ನಮ್ಮ ಕಾಲದ ಅರ್ಜಿಗಳಲ್ಲೂ ‘ಹವ್ಯಾಸಗಳು’ ಎಂಬ ಒಂದು ಗೆರೆ ಇರುತ್ತಿತ್ತು. ನಾವೆಲ್ಲ ‘ಓದುವುದು, ಅಂಚೆಚೀಟಿ ಸಂಗ್ರಹ’ ಎಂದು ಬರೆಯುತ್ತಿದ್ದೆವು. ನಮ್ಮ ಓಣಿಯಲ್ಲಿ ಅಂಚೆಚೀಟಿ ಕೂಡಿಹಾಕಿದವರನ್ನು ನಾನು ಒಬ್ಬರನ್ನೂ ಕಂಡಿರಲಿಲ್ಲ. ಯಾರೂ ಕೇಳಲೂ ಇಲ್ಲ. ಈಗ ಕೇಳುತ್ತಾರೆ. ನಮ್ಮ ಗ್ರಂಥಾಲಯಕ್ಕೇ ಹುಡುಗರು ಬಂದು, “ಮೇಡಂ, ಇಲ್ಲಿ ಸ್ವಯಂಸೇವಕ ಆಗಿದ್ದೆ ಅಂತ ಒಂದು ಸರ್ಟಿಫಿಕೇಟ್ ಕೊಡ್ರಿ” ಅನ್ನುತ್ತಾರೆ. ಯಾವಾಗ ಆಗಿದ್ದೆ ಅಂದರೆ, “ಇವತ್ತ ಮಧ್ಯಾಹ್ನ ಆಗತೇನ್ರಿ” ಅನ್ನುತ್ತಾರೆ.

ಸಂಕ್ರಾಂತಿ ಮುಗಿದಿತ್ತು. ಯರಗಟ್ಟಿಯಲ್ಲಿ ಬಸ್ಸು ಬದಲಿಸಿ ಮನೆ ಮುಟ್ಟಿದಾಗ ಎಲ್ಲರೂ ಪಡಸಾಲೆಯಲ್ಲಿ ಲ್ಯಾಪ್‌ಟಾಪ್ ಸುತ್ತ ಕುಳಿತಿದ್ದರು. ಅಪ್ಪ ಮಾತ್ರ ಕಿಟಕಿಯ ಹತ್ತಿರ ತಮ್ಮ ಕುರ್ಚಿಯಲ್ಲಿದ್ದರು.

ತಮ್ಮನ ಹೆಂಡತಿ ಅವಲಕ್ಕಿ ತಂದಿಟ್ಟು ಹೇಳಿದಳು: “ನೋಡ್ರಿ ಅಕ್ಕಾ, ಊರ ಮಂದಿ ಅರ್ಜಿ ಎಲ್ಲಾ ತುಂಬತಾರ ಇವ್ರು. ಸತ್ತವ್ರ ಹೆಸರಿಲೆನೂ ತುಂಬ್ಯಾರ. ಮಗಳದ ಬಂದ ಕೂಡ್ಲೆ ಅಕ್ಕನ್ನ ಕರಸತಾರ.”

“ಸತ್ತವ್ರ ಅರ್ಜಿಗೆ ಡಬ್ಬಿ ಕಡಿಮಿ ಇರತಾವ,” ಎಂದ ತಮ್ಮ. “ಅಕ್ಕಾ, ನಾ ಹೇಳೂದಿಷ್ಟ. ಅರ್ಜಿಯೊಳಗ ಖಾಲಿ ಬಿಡಬಾರದು. ಖಾಲಿ ಬಿಟ್ರ ನೋಡಲಿಕ್ಕೆ ಕೂತವ್ರಿಗೆ ಅನುಮಾನ ಬರತದ. ಹುಬ್ಬಳ್ಳ್ಯಾಗ ಎರಡ್ ದಿನದ ರೋಬೋಟಿಕ್ಸ್ ಶಿಬಿರ ಅದ, ಸರ್ಟಿಫಿಕೇಟ್ ಕೊಡತಾರ. ಹೋಗಿ ಬಾ ಅಂದ್ರ ಒಲ್ಲೆ ಅಂತಾಳ.”

“ಅಪ್ಪಾ, ಎರಡ್ ದಿನದಾಗ ರೋಬೋಟಿನ ಪ್ಯಾಕಿಂಗ್ ಖೋಕಾ ಬಿಚ್ಚಲಿಕ್ಕೂ ಆಗಂಗಿಲ್ಲ.”

“ಬಿಚ್ಚಬ್ಯಾಡ. ಅದರ ಬಾಜೂ ನಿಂತು ಫೋಟೋ ತಗಸ್ಕೋ.”

ಬೆಳಗಾವಿಯಲ್ಲಿ ಇಂಥ ಅರ್ಜಿಗಳಿಗೆ ಸಲಹೆ ಕೊಡುವ ಒಬ್ಬ ಸರ್ ಇದ್ದಾರೆ. ಹಳ್ಳಿಯ ಮಕ್ಕಳಿಗೆ ಕೋಡಿಂಗ್ ಕಲಿಸುತ್ತಿರುವ ಫೋಟೋ ಬೇಕು, ಏನಾದರೂ ಒಂದಕ್ಕೆ ಅಧ್ಯಕ್ಷಳಾಗಿರಬೇಕು ಎಂದು ಅವರು ತಮ್ಮನಿಗೆ ಫೋನಿನಲ್ಲೇ ಹೇಳಿದ್ದರು. ತಮ್ಮನ ಹೆಂಡತಿ, “ನಮ್ಮ ಓಣಿ ಭಜನಿ ಮಂಡಳಿಗೆ ಅಧ್ಯಕ್ಷ ಮಾಡೋಣ್ರಿ, ಜಾಗಾ ಖಾಲಿನ ಅದ,” ಎಂದಳು. ಸೊಸೆ ನಗಲಿಲ್ಲ. ಲ್ಯಾಪ್‌ಟಾಪನ್ನು ನನ್ನ ಕಡೆ ತಿರುಗಿಸಿ, “ಅತ್ತಿ, ನಾ ಬರದದ್ದು ಇದು. ನೀ ಓದು,” ಎಂದಳು.

ಅವಳು ಬರೆದದ್ದು ಏನೆಂದು ಹೇಳಬೇಕಾದರೆ ನಮ್ಮ ಮನೆಯ ಒಂದು ರೂಢಿಯನ್ನು ಹೇಳಬೇಕು.

ಅಪ್ಪ ಸವದತ್ತಿಯ ಹೈಸ್ಕೂಲೊಂದರಲ್ಲಿ ಗಣಿತ ಕಲಿಸಿ ನಿವೃತ್ತರಾದವರು. ನಮ್ಮ ಅಜ್ಜನ ಕಾಲಕ್ಕೆ ಪೌರೋಹಿತ್ಯ ನಿಂತಿತ್ತು. ಪಂಚಾಂಗ ನೋಡುವುದು ಮಾತ್ರ ನಿಲ್ಲಲಿಲ್ಲ. ಸುತ್ತಿನ ಊರುಗಳಲ್ಲಿ ಎಷ್ಟೋ ಮನೆಗಳವರು ತಮ್ಮ ಹಿರಿಯರ ಶ್ರಾದ್ಧ ಈ ವರ್ಷ ಯಾವ ವಾರ, ಯಾವ ತಾರೀಖು ಬರುತ್ತದೆ ಎಂದು ಅಪ್ಪನನ್ನೇ ಕೇಳುತ್ತಾರೆ. ತೀರಿಕೊಂಡದ್ದು ತಿಥಿಯ ಲೆಕ್ಕದಲ್ಲಿ, ರಜೆ ಸಿಗುವುದು ತಾರೀಖಿನ ಲೆಕ್ಕದಲ್ಲಿ. ಹದಿನೈದು ದಿನ ಮೊದಲು ಫೋನು ಬರುತ್ತದೆ. ಅಪ್ಪ ಪಂಚಾಂಗ ತೆಗೆದು ಹೇಳುತ್ತಾರೆ. ಯಾರ ಮನೆಯ ಯಾರು ಯಾವ ತಿಥಿಯಂದು ಹೋದರು ಎಂಬುದು ಅವರ ಬಾಯಲ್ಲೇ ಇದೆ. ಈ ಕೆಲಸಕ್ಕೆ ದಕ್ಷಿಣೆ ಇಲ್ಲ. ಬಹಳವಾದರೆ ಯಾರಾದರೂ ಬೆಲ್ಲವೋ ಶೇಂಗಾವೋ ತಂದುಕೊಡುತ್ತಾರೆ.

ಸೊಸೆ ಪಿಯುಸಿ ಮೊದಲ ವರ್ಷದಲ್ಲಿದ್ದಾಗ ಅಜ್ಜನ ಪಕ್ಕ ಕುಳಿತು ಇದನ್ನೆಲ್ಲ ಕೇಳಿ ಕೇಳಿ ಒಂದು ಪ್ರೋಗ್ರಾಮ್ ಬರೆದಳು. ಸೂರ್ಯ ಚಂದ್ರರ ನಡುವಿನ ಕೋನದಿಂದ ತಿಥಿ ಲೆಕ್ಕ ಹಾಕುವುದು, ಮಾಸ ಪಕ್ಷ ತಿಥಿ ಕೊಟ್ಟರೆ ಆ ವರ್ಷದ ತಾರೀಖು ಹೇಳುವುದು. ಶುರುವಿನಲ್ಲಿ ಅದು ಆಟವೇ. ಮರುವರ್ಷ ದಸರಾದ ಮುಂಚೆ ಅಪ್ಪನ ಕಣ್ಣಿನ ಪೊರೆ ತೆಗೆದರು. ಕೆಲವು ವಾರ ಅವರು ಓದುವಂತಿರಲಿಲ್ಲ. ಫೋನುಗಳು ನಿಲ್ಲಲಿಲ್ಲ. ಆಗ ಹುಡುಗಿ, “ಅಜ್ಜಾ, ನಾ ಹೇಳತೇನಿ ಬಿಡು,” ಎಂದು ತಾನೇ ವಾಟ್ಸಾಪಿನಲ್ಲಿ ತಾರೀಖು ಕಳಿಸತೊಡಗಿದಳು.

ಅವಳು ಎಚ್ಚರಗೇಡಿಯಲ್ಲ. ಮನೆಯಲ್ಲಿದ್ದ ಹಳೆಯ ಪಂಚಾಂಗಗಳನ್ನೆಲ್ಲ ತೆಗೆದು ತನ್ನ ಲೆಕ್ಕದ ಜೊತೆ ಹೋಲಿಸಿದ್ದಳು. ಎಲ್ಲ ಕೂಡಿಬಂದಿತ್ತು. ಕೂಡಿಬರಲೇಬೇಕಿತ್ತು, ಏಕೆಂದರೆ ಪಂಚಾಂಗದಲ್ಲಿ ದಿನದ ಮುಂದೆ ಬರೆದಿರುವುದು ಸೂರ್ಯೋದಯಕ್ಕೆ ಇರುವ ತಿಥಿ, ಅವಳು ಲೆಕ್ಕ ಹಾಕಿದ್ದೂ ಅದನ್ನೇ. ಶ್ರಾದ್ಧಕ್ಕೆ ಬೇಕಾದದ್ದು ಅದಲ್ಲ. ಹಗಲನ್ನು ಐದು ಪಾಲು ಮಾಡಿದರೆ ನಾಲ್ಕನೆಯ ಪಾಲು ಅಪರಾಹ್ನ. ಆ ಹೊತ್ತಿಗೆ ಯಾವ ತಿಥಿ ಇರುತ್ತದೋ ಅದನ್ನು ಹಿಡಿಯಬೇಕು. ಬೆಳಗಿನ ತಿಥಿಯೇ ಮಧ್ಯಾಹ್ನವೂ ಇದ್ದರೆ ಚಿಂತೆಯಿಲ್ಲ. ಇಲ್ಲದಿದ್ದರೆ ದಿನವೇ ತಪ್ಪುತ್ತದೆ. ಈ ಮಾತನ್ನು ಅಪ್ಪ ಅವಳಿಗೆ ಹೇಳಿರಲಿಲ್ಲ. ಮುಚ್ಚಿಟ್ಟದ್ದಲ್ಲ. ಊಟಕ್ಕೆ ಬಲಗೈ ಎಂದು ನಾವು ಯಾರಿಗಾದರೂ ಹೇಳುತ್ತೇವೆಯೇ?

ಮೊದಲು ಕಳಿಸಿದ ಒಂದೆರಡು ತಾರೀಖು ಅದೃಷ್ಟಕ್ಕೆ ಸರಿಯಿದ್ದವು. ತಪ್ಪಿದ್ದು ಕಿತ್ತೂರಿನ ಒಂದು ಮನೆಯದು. ಕಾರ್ತಿಕ ಬಹುಳ ಪಂಚಮಿ, ಆ ಮನೆಯ ಯಜಮಾನರ ತಂದೆಯ ಶ್ರಾದ್ಧ. ಪಂಚಮಿ ಮಂಗಳವಾರ ಬೆಳಿಗ್ಗೆ ತಡವಾಗಿ ಹತ್ತಿ ಬುಧವಾರ ಬೆಳಿಗ್ಗೆ ಬಿಸಿಲೇರುವ ಮುಂಚೆಯೇ ಮುಗಿದಿತ್ತು. ಮಾಡಬೇಕಾದದ್ದು ಮಂಗಳವಾರ. ಹುಡುಗಿ ಕಳಿಸಿದ್ದು ಬುಧವಾರ.

ಅಲ್ಲಿ ಭಟ್ಟರಿದ್ದರು, ಅವರ ಕೈಯಲ್ಲೂ ಪಂಚಾಂಗವಿತ್ತು. ಅವರೇಕೆ ನೋಡಲಿಲ್ಲ ಎಂದು ಯಾರಿಗಾದರೂ ಅನ್ನಿಸಬಹುದು. ನನಗೆ ಅನ್ನಿಸಲಿಲ್ಲ. ಬೈಲಹೊಂಗಲದಿಂದ ದಿನ ಬಂದಿದೆ ಅಂದ ಮೇಲೆ ಮತ್ತೆ ತೆರೆದು ನೋಡುವುದು ನಮ್ಮ ಕಡೆ ಒಂದು ಬಗೆಯ ಅಗೌರವ. ಬುಧವಾರ ಮಧ್ಯಾಹ್ನ ಸಂಕಲ್ಪ ಹೇಳುವಾಗ ಆ ಹೊತ್ತಿನ ತಿಥಿಯ ಹೆಸರು ಉಚ್ಚರಿಸಬೇಕಲ್ಲ, ಆಗ ಭಟ್ಟರು ಬೆರಳಿಟ್ಟು ನೋಡಿದರಂತೆ. ಅಲ್ಲಿ ಷಷ್ಠಿ ಇತ್ತು. ಆ ಸಂಜೆ ಅವರೇ ಅಪ್ಪನಿಗೆ ಫೋನ್ ಮಾಡಿದರು. ಬಾಯಿಗೆ ಪಂಚಮಿ ಬರಲೊಲ್ಲದು, ಷಷ್ಠಿ ಅನ್ನಲು ಮನಸ್ಸು ಒಲ್ಲದು, ಹಾಗೇ ಸ್ವಲ್ಪ ಹೊತ್ತು ಕುಳಿತುಬಿಟ್ಟೆ ಎಂದರಂತೆ. ಇದನ್ನು ನನಗೆ ಹೇಳಿದವಳು ಸೊಸೆ. ಅವಳಿಗೆ ಅಜ್ಜ ಹೇಳಿದ್ದು.

ಅಂದೇ ಅಪ್ಪ ಅವಳನ್ನು ಕೂರಿಸಿಕೊಂಡು ಅಪರಾಹ್ನದ ಲೆಕ್ಕ ಹೇಳಿಕೊಟ್ಟರು. “ದೇವರದ ಬೆಳಗು, ಹಿರಿಯರದ ಮಧ್ಯಾಹ್ನ,” ಎಂದರಂತೆ. ಅವಳು ಪ್ರೋಗ್ರಾಮ್ ತಿದ್ದಿದಳು. ಆಗಲೇ ಕಳಿಸಿದ್ದ ಮುಂದಿನ ತಾರೀಖುಗಳಲ್ಲಿ ಇನ್ನೂ ಕೆಲವು ತಪ್ಪಿದ್ದವು. ಅಷ್ಟೂ ಮನೆಗಳಿಗೆ ಅವಳೇ ಫೋನ್ ಮಾಡಿ, ದಿನ ಬದಲಾಗಿದೆ, ತಪ್ಪು ನನ್ನದು ಎಂದು ಹೇಳಿದಳು. ಒಬ್ಬ ಮುದುಕರು, “ನಮ್ಮಪ್ಪ ಬದುಕಿದ್ದಾಗ ಯಾವ ಮಾತಿಗೂ ಬದಲಾಗತಿರಲಿಲ್ಲ, ಈಗ ಬದಲಾದ ನೋಡು,” ಎಂದು ನಕ್ಕರಂತೆ.

ಅವಳ ಪ್ರಬಂಧದಲ್ಲಿ ಇದೆಲ್ಲ ಇತ್ತು. ಅರ್ಧಕ್ಕಿಂತ ಹೆಚ್ಚು ಕಿತ್ತೂರಿನ ಬುಧವಾರದ ಬಗ್ಗೆಯೇ. ಇಂಗ್ಲಿಷ್ ಅಲ್ಲಲ್ಲಿ ಎಡವುತ್ತಿತ್ತು. ‘ನನ್ನ ಪ್ರೋಗ್ರಾಮಿನ ಎಲ್ಲ ಪರೀಕ್ಷೆಗಳೂ ಪಾಸಾದವು, ನಾನು ಕೇಳಿಕೊಂಡ ಪ್ರಶ್ನೆಯೇ ತಪ್ಪಿತ್ತು’ ಎಂಬ ಒಂದು ಮಾತು ನನ್ನನ್ನು ಹಿಡಿದು ನಿಲ್ಲಿಸಿತು.

“ಹೆಂಗದ ಅತ್ತಿ?”

“ಚಲೋ ಅದ. ಅಲ್ಲಲ್ಲೆ ಭಾಷಾ ನೋಡಬೇಕು.”

“ಅಕ್ಕಾ, ಭಾಷಾ ಸುಡ್ಲಿ,” ಎಂದ ತಮ್ಮ. “ತಪ್ಪು ಮಾಡೀನಿ ಅಂತ ಯಾರರೆ ಅರ್ಜಿಯೊಳಗ ಬರೀತಾರೇನು? ನಾ ಇಷ್ಟ ವರ್ಷ ಅರ್ಜಿ ತುಂಬೀನಿ, ಒಬ್ಬನೂ ಬರದಿಲ್ಲ. ಇಷ್ಟೂರ ಮಂದಿಗೆ ಅನುಕೂಲ ಮಾಡಿಕೊಟ್ಟೆ ಅಂತ ಬರಿ. ಖರೇನ ಅದಲ್ಲ? ಕಿತ್ತೂರಿಂದು ಯಾಕ ಬೇಕು?”

“ಅದ ಖರೇ ಕೆಲಸ ಅಪ್ಪಾ. ಉಳದದ್ದು ಯಾರರೆ ಮಾಡತಾರ.”

“ಸೀಟ್ ಹೋದ್ರ?”

ಆ ಸೀಟು ಅವಳಿಗೆ ಎಷ್ಟು ಬೇಕು ಎಂಬುದು ನಮಗೆಲ್ಲ ಗೊತ್ತಿತ್ತು. ಆ ವಿಶ್ವವಿದ್ಯಾಲಯದ ಪಾಠಗಳ ವಿವರವನ್ನು ಅವಳು ಸಾಲು ಸಾಲಾಗಿ ಬಾಯಿಪಾಠ ಮಾಡಿದ್ದಳು. ತಮ್ಮ ಕಿಟಕಿಯ ಕಡೆ ತಿರುಗಿ, “ಅಪ್ಪಾ, ನೀವರೆ ಹೇಳ್ರಿ ಆಕಿಗೆ,” ಎಂದ. ಅಪ್ಪ, “ಕಿತ್ತೂರಿನವರದು ಮನಿ ಮಾತು. ಬರಿಯೂದಿದ್ರ ಅವರನ್ನ ಕೇಳಿ ಬರೀಲಿ,” ಎಂದರು. ಅಷ್ಟೇ. ಈಗ ಯೋಚಿಸಿದರೆ, ಹಾಗೆ ಹೇಳುವ ಮುಂಚೆ ಅವರು ಬಹಳ ಹೊತ್ತು ಸುಮ್ಮನಿದ್ದರು ಅನ್ನಿಸುತ್ತದೆ. ಆಮೇಲೆ ತಿಳಿದದ್ದು ನನ್ನ ನೆನಪಿಗೆ ಆ ಮೌನವನ್ನು ಸೇರಿಸಿರಬಹುದು.

ಮುಂದಿನ ರವಿವಾರ ಸೊಸೆಯನ್ನು ಕರೆದುಕೊಂಡು ಕಿತ್ತೂರಿಗೆ ಹೋದೆ. ಆ ದಿನದ ದಿನಚರಿಯಲ್ಲಿ ‘ಕಿತ್ತೂರು. ಬಿಸಿಲು. ಉಂಡಿ ಚಲೋ ಇದ್ದವು’ ಎಂದಿದೆ. ಮುಖ್ಯವಾದದ್ದನ್ನು ಬರೆಯದೆ ಉಂಡಿಯನ್ನು ಏಕೆ ಬರೆದೆ ಎಂದು ಈಗ ನನ್ನನ್ನೇ ಕೇಳಿಕೊಳ್ಳುತ್ತೇನೆ.

ಮನೆಯ ಯಜಮಾನರು ಊರಲ್ಲಿರಲಿಲ್ಲ. ಅವರ ಹೆಂಡತಿ, ನಾವು ಕಾಕು ಅನ್ನುವವರು, ಹಿತ್ತಲಲ್ಲಿ ಕಡಲೆಗಿಡ ಬಿಡಿಸುತ್ತ ಕುಳಿತಿದ್ದರು. ಹುಡುಗಿಯನ್ನು ನೋಡಿದ ಕೂಡಲೇ, “ಬಾರವಾ ಪಂಚಾಂಗದಾಕಿ,” ಎಂದರು. ಸೊಸೆಯ ಮುಖ ಕೆಂಪಾಯಿತು.

“ಕಾಕು, ಆಕಿ ನಿಮ್ಮನ್ನ ಒಂದ್ ಮಾತು ಕೇಳಬೇಕಂತ ಬಂದಾಳ,” ಎಂದೆ.

ಹುಡುಗಿ ಬಂದ ಕಾರಣ ಹೇಳಿದಳು. ಕಾಕು ಕಾಯಿ ಬಿಡಿಸುವುದನ್ನು ನಿಲ್ಲಿಸದೆ ಕೇಳಿದರು. ಮುಗಿದ ಮೇಲೆ, “ಅಂದ್ರ ನಮ್ಮ ಮಾವನವರ ಶ್ರಾದ್ಧ ತಪ್ಪಿದ್ದು ಬರದ್ರ ನಿನಗ ಕಾಲೇಜಿನ್ಯಾಗ ಸೀಟ್ ಕೊಡತಾರ?” ಎಂದರು.

“ಕೊಡತಾರೋ ಇಲ್ಲೋ ಗೊತ್ತಿಲ್ಲ ಅಜ್ಜಿ. ಆದ್ರ ನಡದದ್ದು ಅದ.”

“ಬರಿಯವಾ, ಬರಿ. ನಮ್ಮ ಮಾವನವರು ಇದ್ದಾಗೂ ಹೊತ್ತಿಗೆ ಸರಿಯಾಗಿ ಊಟಕ್ಕ ಬಂದವ್ರಲ್ಲ. ಮಾಡಿದ್ದೆಲ್ಲಾ ಆರಿ ತಣ್ಣಗಾದ ಮ್ಯಾಲೆ ಬರವ್ರು. ಈ ವರ್ಷನೂ ಒಂದಿನ ತಡಾ ಮಾಡಿ ಬಂದ್ರು ಅಂತ ತಿಳಕೊಂಡೇನಿ.” ಆಮೇಲೆ ತಮ್ಮ ಮಾತಿಗೆ ತಾವೇ ಕೈಯಿಂದ ಬಾಯಿ ಮುಚ್ಚಿಕೊಂಡು ನಕ್ಕರು.

ಭಟ್ಟರು ಸಂಕಲ್ಪದಲ್ಲಿ ತಡೆದು ಕುಳಿತದ್ದನ್ನು ನಾನು ಎತ್ತಿದೆ. ಕಾಕು ಹುಬ್ಬೇರಿಸಿದರು. “ಎಲ್ಲೀದು? ಕುಂತಿಲ್ಲ ನಿಂತಿಲ್ಲ. ಒಮ್ಮೆ ಕೆಮ್ಮಿದ್ರು, ಮುಂದ ಹೋದ್ರು. ಊಟಾ ಆದ ಮ್ಯಾಲೆ ಹೇಳಿದ್ರು. ಅವಾಗ ಹೇಳಿದ್ರ ಗಂಟಲದಾಗ ವಡಿ ಇಳೀಬೇಕಲ್ಲ.”

ಯಾರು ಸರಿ ಎಂದು ನಾನು ಬಲ್ಲೆನೆ? ಭಟ್ಟರಿಗೆ ಆ ಗಳಿಗೆ ಉದ್ದವಾಗಿತ್ತು, ಪಕ್ಕದಲ್ಲಿದ್ದ ಕಾಕುಗೆ ಅದು ಒಂದು ಕೆಮ್ಮು. ಪ್ರಬಂಧದಲ್ಲಿ ‘ತಡೆದರು’ ಎಂದಿತ್ತು. ಸೊಸೆ ಅದನ್ನು ‘ತಡೆದರೆಂದು ನನಗೆ ಹೇಳಿದರು’ ಎಂದು ತಿದ್ದುತ್ತೇನೆ ಎಂದಳು. ನನಗೆ ಖುಷಿಯಾಯಿತು.

ಎದ್ದು ಹೊರಡುವಾಗ ಕಾಕು ಉಂಡಿಯ ಡಬ್ಬಿ ಕೊಡುತ್ತ ಹೇಳಿದರು: “ಆದ್ರೂ ಎಲ್ಲಾ ತಪ್ಪು ನಿನ್ನ ತಲಿ ಮ್ಯಾಲೆ ಯಾಕ ಹೊತಗೋತಿ? ಶ್ರಾದ್ಧದ ಮುಂಚಿನ ಸೋಮವಾರ ಪುಣೇದಿಂದ ನಮ್ಮ ಮೈದುನ ಫೋನ್ ಮಾಡಿದ್ದ. ಅಲ್ಲಿ ಭಟ್ಟರು ಮಂಗಳವಾರ ಅಂತಾರ, ನೀವು ಬುಧವಾರ ಅಂತೀರಿ, ಒಮ್ಮೆ ಕೇಳ್ರಿ ಅಂದ. ನಾ ಅವತ್ತ ನಿಮ್ಮ ಅಜ್ಜಾರಿಗೆ ಫೋನ್ ಹಚ್ಚಿದ್ದೆ. ‘ಹುಡುಗಿ ಹೇಳಿದ್ದು ಸರಿ ಅದ, ಬುಧವಾರ ಮಾಡ್ರಿ’ ಅಂದ್ರು. ಅವರ ಅಂದ ಮ್ಯಾಲೆ ಮುಗೀತಲ್ಲ.”

ಸೊಸೆ ನನ್ನ ಮುಖ ನೋಡಿದಳು. ನಮ್ಮಿಬ್ಬರಿಗೂ ಇದು ಗೊತ್ತಿರಲಿಲ್ಲ.

ಬಸ್‌ಸ್ಟ್ಯಾಂಡಿನವರೆಗೆ ಅವಳು ಉಂಡಿಯ ಡಬ್ಬಿ ಹಿಡಿದು ನನಗಿಂತ ಮುಂದೆ ನಡೆದಳು. ಬಸ್ಸು ಹೊರಟ ಮೇಲೆ ಕೇಳಿದಳು:

“ಅತ್ತಿ, ಇದನ್ನ ಬರೀಬೇಕೋ ಬ್ಯಾಡೋ?”

“ನಿನಗೇನ ಅನಸತದ?”

“ಬರದ್ರ ನನ್ನ ತಪ್ಪು ಅರ್ಧಾ ಆಗತದ. ಒಬ್ಬ ದೊಡ್ಡವರು ನೋಡಿ ಹೌದು ಅಂದಿದ್ರು ಅಂತ ಆಗತದ. ಆದ್ರ ಅಜ್ಜ ನೋಡಿ ಅಂದನೋ, ನೋಡದ ಅಂದನೋ ನಮಗೇನ ಗೊತ್ತು? ನನ್ನ ಮ್ಯಾಲಿನ ನಂಬಿಕಿಲೆ ಅಂದಿದ್ರ?”

“ಕೇಳು ಅಜ್ಜನ್ನ.”

“ನಾ ಕೇಳಂಗಿಲ್ಲ. ಕೇಳಿದ್ರ ಅವನ್ನ ನಾನ ಹಿಡದು ಕೊಟ್ಟಂಗ ಆಗತದ.”

ಕೊನೆಗೆ ಅವಳು ಅದನ್ನು ಬರೆಯಲಿಲ್ಲ. ಕಿತ್ತೂರಿನ ಕಥೆ ಉಳಿಯಿತು, ಸೋಮವಾರದ ಫೋನು ಬಿಟ್ಟುಹೋಯಿತು. ತಮ್ಮ ಗೊಣಗುತ್ತಲೇ ಅರ್ಜಿ ಕಳಿಸಿದ. ಹತ್ತು ಡಬ್ಬಿಗಳಲ್ಲಿ ಒಂದೇ ತುಂಬಿತ್ತು. ಖಾಲಿ ಡಬ್ಬಿಗಳನ್ನು ನೋಡಿ ಅವನಿಗೆ ಆ ರಾತ್ರಿ ನಿದ್ದೆ ಹತ್ತಲಿಲ್ಲವೆಂದು ಅವನ ಹೆಂಡತಿ ಹೇಳಿದಳು.

ಮಾತುಕತೆಗೆ ಕರೆ ಬಂತು. ಯುಗಾದಿಯ ನಂತರ ಒಂದು ಮಧ್ಯಾಹ್ನ, ತಮ್ಮನ ಸೆಂಟರಿನಲ್ಲೇ, ಅರ್ಧ ಶಟರ್ ಇಳಿಸಿಕೊಂಡು ಅವಳು ಕುಳಿತಳು. ನಾನು ಇರಲಿಲ್ಲ. ಸಂಜೆ ಫೋನಿನಲ್ಲಿ ಹೇಳಿದಳು. ಇಬ್ಬರು ಪ್ರಾಧ್ಯಾಪಕರಿದ್ದರಂತೆ. ಒಬ್ಬರು ತಿಥಿ ಎಂದರೇನು, ದಿನದ ನಡುವೆ ಅದು ಹೇಗೆ ಬದಲಾಗುತ್ತದೆ ಎಂದು ನಿಜವಾದ ಕುತೂಹಲದಿಂದ ಕೇಳಿದರು. ಅವಳು ಹಾಳೆಯ ಮೇಲೆ ಚಿತ್ರ ಬರೆದು ತೋರಿಸಿದಳು. ಇನ್ನೊಬ್ಬರು ಪ್ರಬಂಧವನ್ನು ತಿರುವಿ ನೋಡುತ್ತಿದ್ದರು. ಆಮೇಲೆ, ಇದು ಜನರ ನಂಬಿಕೆಯ ವಿಷಯ, ಅವರಿಗೆ ಕಳಿಸುವ ಮುಂಚೆ ಬಲ್ಲವರೊಬ್ಬರಿಗೆ ನೀವು ತೋರಿಸಲೇ ಇಲ್ಲವೆ, ಯಾರೂ ಪರಿಶೀಲಿಸಲಿಲ್ಲವೆ ಎಂದು ಕೇಳಿದರು.

“ನೀ ಏನಂದಿ?”

“ಇಲ್ಲ ಸರ್, ಯಾರೂ ನೋಡಿರಲಿಲ್ಲ ಅಂದೆ.”

ಅವಳೇ ಮುಂದುವರಿಸಿದಳು. “ಅತ್ತಿ, ನಾ ಸುಳ್ಳು ಹೇಳಿದೆನೇನು?”

“ಅವ್ರು ಏನಂದ್ರು?”

“ಬರಕೊಂಡ್ರು.”

ಫಲಿತಾಂಶದಲ್ಲಿ ಅವಳ ಹೆಸರು ಕಾಯುವವರ ಪಟ್ಟಿಯಲ್ಲಿ ಬಂತು. ತಮ್ಮ, “ನಾ ಹೇಳಲಿಲ್ಲೇನು? ತಪ್ಪು ಬರದು ಕಳಿಸಿದ್ರ ಬಾಗಲದಾಗ ನಿಂದ್ರಸತಾರ,” ಎಂದ. ಅವನ ಹೆಂಡತಿ, “ಹೊರಗಂತೂ ಹಾಕಿಲ್ಲಲ್ಲ,” ಎಂದಳು. ಪಟ್ಟಿಯ ಜೊತೆ ಒಂದು ಸೂಚನೆಯೂ ಇತ್ತು: ಮೊದಲು ಹೇಳಿದ್ದಕ್ಕೆ ಏನಾದರೂ ಸೇರಿಸುವುದಿದ್ದರೆ, ತಿದ್ದುವುದಿದ್ದರೆ, ಒಂದು ಪುಟ ಮೀರದಂತೆ ಬರೆದು ಕಳಿಸಬಹುದು.

ಸೊಸೆ ನನಗೆ ಫೋನ್ ಮಾಡಿದಳು. “ಅತ್ತಿ, ಅಜ್ಜ ಅವತ್ತ ನೋಡಿದ್ದ ಅಂದ್ರ ನಾ ಹೇಳಿದ್ದು ಸುಳ್ಳಾತು. ತಿದ್ದಬೇಕು. ನೋಡದನ ಹೌದು ಅಂದಿದ್ರ ಖರೇನ ಯಾರೂ ನೋಡಿಲ್ಲ, ನಾ ಹೇಳಿದ್ದು ಸರಿ ಅದ. ತಿದ್ದೂದೇನಿಲ್ಲ. ನನಗ ಅದೊಂದು ಗೊತ್ತಾಗಬೇಕು. ನೀನ ಕೇಳು.”

ಅವಳ ಸತ್ಯ ಅವಳ ಕೈಯಲ್ಲಿರಲಿಲ್ಲ ಎಂಬುದು ನನಗೆ ಆಗ ಹೊಳೆಯಿತು. ಅದು ಅಪ್ಪನ ನೆನಪಿನಲ್ಲಿತ್ತು.

ಕೇಳದೆ ತಿಳಿಯುವ ದಾರಿ ಇದೆಯೇ ಎಂದು ನಾನು ಮೊದಲು ನೋಡಿದೆ. ಇದೂ ನನ್ನದೊಂದು ಚಟ. ಅಪ್ಪನಿಗೆ ಹೊಸ ಕನ್ನಡಕ ಯಾವಾಗ ಬಂತು ಎಂದು ತಮ್ಮನನ್ನು ವಿಚಾರಿಸಿದೆ. ದೀಪಾವಳಿಯ ಮೊದಲೇ ಬಂತು ಎಂದ. ಅವನ ಹೆಂಡತಿ, “ಎಲ್ಲೀ ದೀಪಾವಳಿ? ತುಳಸಿ ಲಗ್ನ ಆದ ಮ್ಯಾಲೆ ಎಷ್ಟೋ ದಿನಕ್ಕ ತಂದ್ರಿ. ಅಲ್ಲೀಮಟಾ ಮಾಮಾನವರಿಗೆ ಪೇಪರ್ ನಾನ ಓದಿ ಹೇಳತಿದ್ದೆ,” ಎಂದಳು. ಬಹುಳ ಪಂಚಮಿ ಬಂದದ್ದು ತುಳಸಿ ಲಗ್ನದ ನಂತರ, ಕೆಲವೇ ದಿನಕ್ಕೆ. ತಮ್ಮ ಹೇಳಿದ್ದು ಸರಿಯಾದರೆ ಅಪ್ಪ ಪಂಚಾಂಗ ಓದಬಲ್ಲವರಾಗಿದ್ದರು. ಅವಳು ಹೇಳಿದ್ದು ಸರಿಯಾದರೆ ಇರಲಿಲ್ಲ. ನನ್ನ ದಿನಚರಿಯಲ್ಲಿ ಕನ್ನಡಕದ ಮಾತೇ ಇಲ್ಲ.

ಓದಬಲ್ಲವರಾಗಿದ್ದರೂ ಓದದೇ ಇರಬಹುದು. ಓದಿ, ಆ ಸಣ್ಣ ಅಕ್ಷರಗಳಲ್ಲಿ ಒಂದು ಗೆರೆ ಮೇಲಕ್ಕೋ ಕೆಳಕ್ಕೋ ಜಾರಿರಬಹುದು. ಇನ್ನೂ ಒಂದು ಸಾಧ್ಯತೆ ನನ್ನ ತಲೆಯಲ್ಲಿ ಸುಳಿದದ್ದುಂಟು: ನೋಡಿ, ಸರಿಯಾಗಿ ತಿಳಿದು, ಮೊಮ್ಮಗಳ ಮಾತು ಕಿತ್ತೂರಿನವರ ಎದುರು ಸೋಲಬಾರದು ಎಂದು ಹೌದು ಅಂದಿರಬಹುದೇ? ಅಪ್ಪ ಅಂಥವರಲ್ಲ. ಅಂಥವರಲ್ಲ ಎಂದು ನನಗೆ ಹೇಗೆ ಗೊತ್ತು ಎಂದು ಯಾರಾದರೂ ಕೇಳಿದರೆ, ನನ್ನಲ್ಲಿ ಇರುವುದು ಮಗಳ ನೆನಪುಗಳು ಮಾತ್ರ.

ಕಳೆದ ರವಿವಾರ ಬೈಲಹೊಂಗಲಕ್ಕೆ ಹೋದೆ. ತಮ್ಮ ಸೆಂಟರಿಗೆ ಹೋಗಿದ್ದ. ಸೊಸೆ ನನ್ನನ್ನು ನೋಡಿ, ಅಮ್ಮನನ್ನು ಸಂತೆಗೆ ಎಬ್ಬಿಸಿಕೊಂಡು ಹೋದಳು. ಅಪ್ಪ ಕುರ್ಚಿಯಲ್ಲಿದ್ದರು. ಫೋನಿನಲ್ಲಿ ರಾಮದುರ್ಗದ ಯಾರಿಗೋ ಅವರ ತಾಯಿಯ ತಿಥಿ ಹೇಳುತ್ತಿದ್ದರು. ಈಗ ಹುಡುಗಿಯ ಲೆಕ್ಕ, ಅಪ್ಪನ ಪಂಚಾಂಗ, ಎರಡೂ ಕೂಡಿಬಂದ ಮೇಲೆಯೇ ಹೇಳುವುದು. ಮಾತು ಮುಗಿಸಿ ಫೋನು ಕೆಳಗಿಟ್ಟರು. ಬಸ್ಸು ಗದ್ದಲವಿತ್ತೇ ಎಂದು ಕೇಳಿದರು. ಇತ್ತು ಎಂದೆ.

ನಾನು ಅವರ ಹತ್ತಿರ ಮಣೆ ಎಳೆದುಕೊಂಡು ಕುಳಿತೆ. ಅರ್ಜಿಗೆ ಇನ್ನೊಂದು ಪುಟ ಬರೆಯಲು ಅವಕಾಶವಿದೆ, ಇನ್ನೂ ಕೆಲವು ದಿನಗಳಿವೆ, ಹುಡುಗಿ ಮಾತುಕತೆಯಲ್ಲಿ ಹೀಗೆ ಹೇಳಿದ್ದಾಳೆ ಎಂದು ತಿಳಿಸಿದೆ. ಅವರು ಕೇಳಿಸಿಕೊಂಡರು. ಸೀಟು ಸಿಗಬಹುದೇ ಎಂದರು. ಗೊತ್ತಿಲ್ಲ ಎಂದೆ. ಆಮೇಲೆ ಕೇಳಿದೆ.

“ಅಪ್ಪಾ, ಕಿತ್ತೂರ ಕಾಕು ಸೋಮವಾರ ಫೋನ್ ಮಾಡಿದಾಗ ನೀವು ಪಂಚಾಂಗ ತಗದು ನೋಡಿದ್ರೋ, ನೋಡದನ 'ಸರಿ ಅದ' ಅಂದ್ರೋ?”

ಅಪ್ಪ ಕನ್ನಡಕ ತೆಗೆದು ಧೋತರದ ಅಂಚಿನಿಂದ ಒರೆಸಿದರು. ಮತ್ತೆ ಹಾಕಿಕೊಂಡರು. ರಾಮದುರ್ಗದವರಿಗೆ ವಾರ ಹೇಳಿದೆನೋ ಬರೀ ತಾರೀಖು ಹೇಳಿದೆನೋ ಎಂದು ತಮಗೆ ತಾವೇ ಅಂದುಕೊಂಡು ಫೋನಿಗೆ ಕೈ ಹಾಕಿದರು. ನಾನು ಅಲ್ಲೇ ಕುಳಿತಿದ್ದೆ. ಸಂತೆಯಿಂದ ಅವರಿಬ್ಬರು ಬರುವವರೆಗೂ ಕುಳಿತಿದ್ದೆ. ಸೊಸೆ ಬಾಗಿಲಲ್ಲಿ ಚೀಲ ಇಳಿಸಿ ನನ್ನ ಮುಖ ನೋಡಿದಳು. ಅಪ್ಪ ಹೇಳಲಿಲ್ಲವೆಂದು ನಾನು ತಲೆಯಾಡಿಸಿದೆ. ನಿನ್ನೆ ಫೋನಿನಲ್ಲಿ ಅಪ್ಪನನ್ನು ಅದೇ ಮಾತು ಮತ್ತೆ ಕೇಳಿದೆ: ನೋಡಿದ್ರೋ, ನೋಡಲಿಲ್ಲೋ? ಹುಡುಗಿಯ ಆ ಒಂದು ಪುಟ ಇನ್ನೂ ಖಾಲಿಯೇ ಇದೆ.